ಜೋಳದ ರೊಟ್ಟಿಯ ಮ್ಯಾಲೆ ಕಂಪ್ಯೂಟರಿನ ನಕಾಶೆ

ನಮ್ಮ ಹಳೇ ಕಂಪ್ಯೂಟರ್ ಮತ್ತ ಎದ್ದು ಕೂತೈತಿ. ಎಬ್ಬಿಸಿದಾಕಿ ನನ್ನ ಮೊಮ್ಮಗಳು. ಮೊದಲ ಇದನ್ನ ಬರದುಬಿಡತೀನಿ, ಇದನ್ನ ಹೊಟ್ಟಿಯೊಳಗ ಇಟ್ಟುಕೊಂಡು ಬ್ಯಾರೆ ಮಾತು ಬರಿಯಾಕ ನನ್ನ ಕೈ ಒಲ್ಲದು.

ಕಂಪ್ಯೂಟರ್ ನನ್ನ ಸೊಸಿಯದು. ಕುಷಾಯಿಗೂಡದ ನಮ್ಮ ಮನಿಯ ಪಡಸಾಲಿಯೊಳಗ ಆಕೀದೊಂದು ಎಂಬ್ರಾಯ್ಡರಿ ಮಷೀನ್ ಐತಿ. ಕಂಪ್ಯೂಟರ್ ಹೂಬಳ್ಳಿಯ ಚಿತ್ರ ಕಳಿಸಿದರ ಮಷೀನ್ ಅದನ್ನ ಕುಪ್ಪಸದ ಮ್ಯಾಲೆ ಹೊಲಿತೈತಿ. ಎರಡೂ ಹಳೇವು, ಒಂದನ್ನ ಬಿಟ್ಟು ಒಂದು ನಡಿಯೂದಿಲ್ಲ. ಅದಕ್ಕೂ ಮೊದಲ ಸೊಸಿ ಜೀಡಿಮೆಟ್ಲಾದ ಕಾರ್ಖಾನಿಯಾಗ ಔಷಧ ಪ್ಯಾಕಿಂಗಿಗೆ ಹೋಗತಿದ್ದಳು. ದಿನವೆಲ್ಲಾ ನಿಂತು ಕಾಲು ಬಾತು, ಮನಿಗೆ ಬಂದರ ಚಪ್ಪಲಿ ಕಳಿಯಾಕ ನಾನು ಕೈ ಕೊಡಬೇಕಿತ್ತು. ಮಷೀನ್ ಬಂದ ಮ್ಯಾಲೆ ಆಕಿ ಕೂತು ದುಡಿಯಾಕ ಹತ್ತಿದ್ದಳು.

ಅಂಥಾದ್ದು ಕಂಪ್ಯೂಟರ್ ಬಂದ್ ಬಿತ್ತು. ಗುಂಡಿ ಒತ್ತಿದರ ಅದರೊಳಗಿನ ಫ್ಯಾನ್ ಅರ್ಧ ತಿರುಗಿ ನಿಲ್ಲೂದು. "ಕೊತ್ತದಿ ಕೊನುಕ್ಕೋಂಡಿ ಅಮ್ಮಾ," ಹೊಸಾದು ತಗೋರಿ ಅಂದ ರಿಪೇರಿ ಅಂಗಡಿಯವ ತೆಲುಗಿನಾಗ. ಹೊಸಾದಕ್ಕ ನಮ್ಮ ಮಷೀನಿನ ವೈರ್ ಕೂಡೂದ ಇಲ್ಲ. ಸೊಸಿ ಅಟ್ಟದ ಮ್ಯಾಲಿನ ಹಳೇ ಚಪ್ಪಲಿ ತಗದು ಒರಿಸಿ ಬಾಗಿಲ ಸಂದಿಗೆ ಇಟ್ಟಳು. "ಸೋಮವಾರ ಹೋಗಿ ಕೆಲಸ ಕೇಳಿ ಬರತೀನ್ರಿ ಅತ್ತಿ," ಅಂದಳು.

ಮೊಮ್ಮಗಳು ಪಾಲಿಟೆಕ್ನಿಕ್ ಓದತಾಳ. ರವಿವಾರ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಒಳಗಿನ ಹಸರು ಬೋರ್ಡ್ ತಗೊಂಡು ಅಡಿಗಿಮನಿಯ ಕಿಡಕಿಗೆ ಬಂದಳು, ಬೆಸುಗಿ ಹೊಗಿ ಹೊರಗ ಹೋಗಲಿ ಅಂತ. ನಾನು ಅಲ್ಲೇ ಜೋಳದ ಹಿಟ್ಟು ನಾದಾಕತ್ತಿದ್ದೆ. ಬಗ್ಗಿ ನೋಡಿದರ ಬೋರ್ಡ್ ಅನ್ನೂದು ಒಂದು ಊರು. ಸಂದಿ, ಓಣಿ, ಅಲ್ಲಲ್ಲೆ ನೀರಿನ ಟಾಕಿ. ಇಷ್ಟು ವರ್ಷ ಇದರ ಡಬ್ಬಿ ಮ್ಯಾಲಿನ ಧೂಳ ಒರಿಸೀನಿ, ಒಳಗ ಒಂದು ಊರು ಐತಿ ಅಂತ ಗೊತ್ತ ಇರಲಿಲ್ಲ. ಆ ಟಾಕಿಗಳಿಗೆ ಕೆಪಾಸಿಟರ್ ಅಂತಾರಂತ. ಕೆಲವದರ ತಲಿ ಉಬ್ಬಿತ್ತು.

"ಇವು ಛಲೋ ಅದಾವ ನೋಡು, ಉಬ್ಬ್ಯಾವ. ಚಪ್ಪಟಿ ಇದ್ದವು ಕೆಟ್ಟಿರಬೇಕು," ಅಂದೆ.

ಆಕಿ ನಕ್ಕು ನಕ್ಕು ಕೆಳಗ ಕೂತಳು. "ಅಜ್ಜಿ, ಇದು ರೊಟ್ಟಿ ಅಲ್ಲ. ಇದು ಉಬ್ಬಿದರ ಸತ್ತಂಗ."

"ಜೀವ ಇದ್ದಾಗ ಏನ ಮಾಡತೈತಿ?"

"ನಮ್ಮ ನಳ ಯಾವಾಗ ಬರತೈತಿ?"

"ಬಂದಾಗ ಬರತೈತಿ."

"ಅದಕ್ಕ ನೀ ಡ್ರಮ್ ತುಂಬಿ ಇಡತಿ. ಇದೂ ಹಂಗ. ಕರೆಂಟ್ ಏರಿ ಇಳದರೂ ಒಳಗಿನವರಿಗೆ ಒಂದ ಸಮ ಸಿಗಬೇಕು."

ಉಗುರಿನಷ್ಟು ಡ್ರಮ್ಮು. ನಾವು ಕಣ್ಣು ಮಿಟುಕಿಸೂದರಾಗ ಎಷ್ಟೋ ಸಲ ತುಂಬಿ, ಎಷ್ಟೋ ಸಲ ಬಿಟ್ಟುಕೊಡತೈತಂತ. ನನ್ನ ಕೈಯಾಗಿನ ಹಿಟ್ಟು ಹಂಗ ಉಳೀತು.

ಉಬ್ಬಿದ್ದವನ್ನ ಕೀಳಾಕ ಹೊಂಟಾಕಿನ್ನ ತಡದೆ. ಮಿಕ್ಸಿ ಇರಲಿ, ಸ್ಟೋವ್ ಇರಲಿ, ಬಿಚ್ಚಿದ್ದನ್ನ ಇದ್ದ ಸಾಲಿನಾಗ ಇಡೂದು ನನ್ನ ರೂಢಿ. ಒಂದು ದಪ್ಪ ಹಸಿ ರೊಟ್ಟಿ ತಟ್ಟಿ ಪರಾತದಾಗ ಇಟ್ಟೆ. "ಎಲ್ಲಿಂದ ಕೀಳತಿಯೋ, ಇದರಾಗ ಅಲ್ಲೇ ಚುಚ್ಚು. ಮಾರಿ ಯಾವ ಕಡಿಗಿತ್ತೋ ಆ ಕಡಿಗೇ ಇರಲಿ."

"ಬೋರ್ಡಿನ ಮ್ಯಾಲೆ ಗುರ್ತು ಐತಿ ಅಜ್ಜಿ."

"ಇರಲಿ. ಮುದುಕಿ ಸಮಾಧಾನಕ್ಕ ಚುಚ್ಚು."

ಚುಚ್ಚಿದಳು. ಪ್ರತಿಯೊಂದರ ಮಗ್ಗಲಿಗೆ ಬಿಳೀ ಪಟ್ಟಿ ಇತ್ತು. ಆಕಿ ಕೋಠಿ ಬಜಾರದಿಂದ ತಂದ ಹೊಸಾ ಕೆಪಾಸಿಟರಿಗೂ ಇತ್ತು. ಮೊದಲನೇದನ್ನ ಕೂಡಿಸಿ, ಕಾದ ಕಡ್ಡಿಯಿಂದ ಬೆಸುಗಿ ಹಾಕಿದಳು. ಎರಡನೇದಕ್ಕ ಕೈ ಹಾಕಿದಾಕಿ ರೊಟ್ಟಿ ನೋಡಿ ನಿಂತಳು.

"ಬೋರ್ಡಿನ ಗುರ್ತಿನಾಗ ಬಿಳೀ ಬಣ್ಣ ಇದ್ದ ಕಡಿಗೆ ಇದರ ಬಿಳೀ ಪಟ್ಟಿ ಬರಬೇಕು ಅಂತ ಕಲತೀನಿ. ನಿನ್ನ ರೊಟ್ಟಿಯಾಗ ಎಲ್ಲಾ ಉಲ್ಟಾ ಅದಾವ."

"ನಾ ರೊಟ್ಟಿ ತಿರುಗಿಸಿಲ್ಲವ್ವಾ."

ಆಕಿ ರೊಟ್ಟಿ ಒಮ್ಮೆ, ಬೋರ್ಡ್ ಒಮ್ಮೆ ನೋಡಿದಳು. "ಇಷ್ಟು ವರ್ಷ ನಡದದ್ದು ರೊಟ್ಟಿ ಹೇಳಿದಂಗ. ಈ ಬೋರ್ಡ್ ಮಾಡಿದವರ ಗುರ್ತ ಬ್ಯಾರೆ ಐತಿ." ಹಾಕಿದ್ದನ್ನ ಕಿತ್ತು, ಹೊಸಾದೊಂದು ತಗೊಂಡು ತಿರುಗಿಸಿ ಹಾಕಿದಳು.

"ಹಂಗ ಬಿಟ್ಟು ಕರೆಂಟ್ ಕೊಟ್ಟಿದ್ದರ?"

"ದೀಪಾವಳಿ ಆಗತಿತ್ತು."

ಸಂಜೀಕ ಎಲ್ಲಾ ಜೋಡಿಸಿ ನನ್ನ ಮಗನಿಗೆ ಸ್ವಿಚ್ ಹಾಕಾಕ ಹೇಳಿದಳು. ಸೊಸಿ ಒಳಗ ಬರಲೇ ಇಲ್ಲ, ಬಾಗಿಲದಾಗ ಸೆರಗ ಹಿಡಕೊಂಡು ನಿಂತಿದ್ದಳು. ಫ್ಯಾನ್ ಅರ್ಧ ತಿರುಗಿತು. ನಿಲ್ಲಲಿಲ್ಲ. ಪರದಾ ಕಪ್ಪಿದ್ದದ್ದು ಬೆಳ್ಳಗಾಯಿತು. ಸೊಸಿ ಬಂದು ಕುರ್ಚಿ ಎಳಕೊಂಡು ಕೂತು, ಅರ್ಧಕ್ಕ ನಿಂತ ಕುಪ್ಪಸವನ್ನ ಮಷೀನಿಗೆ ಹಾಕಿದಳು. ಸೂಜಿ ಟಕಟಕ ನಡೀತು, ನವಿಲಿನ ಕುತ್ತಿಗಿ ಮೂಡಿತು. ಹುಟ್ಟಿದ ಕೂಸು ಮೊದಲ ಸಲ ಅತ್ತಾಗ ನಿಂತಂಗ ನಾವೆಲ್ಲಾ ಅದರ ಸುತ್ತ ನಿಂತಿದ್ದೆವು.

ಕೆಪಾಸಿಟರ್ ಚುಚ್ಚಿದ ರೊಟ್ಟಿಯೊಳಗ ಅವುಗಳ ರಸ ಇಳದಿರಬೇಕು ಅಂತ ಅದನ್ನ ದನಕ್ಕೂ ಹಾಕಲಿಲ್ಲ, ಕಾಗದದಾಗ ಕಟ್ಟಿ ಒಗದೆ. ಚಪ್ಪಲಿ ತಿರುಗಿ ಅಟ್ಟಕ್ಕ ಹೋದವು, ಸೊಸಿಯ ಕೈಲೇ.

ಆ ಹೊತ್ತು ಎಲ್ಲಾರೂ ಒಂದ ಸಲ ಉಣ್ಣಾಕ ಕೂತರು. ಬದನಿಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ನಾನು ಒಲಿ ಮುಂದಿಂದ ಬಿಸಿ ರೊಟ್ಟಿ ಹಾಕತಿದ್ದೆ, ಉಬ್ಬಿದ್ದೆಲ್ಲಾ ಮೊಮ್ಮಗಳ ತಾಟಿಗೆ.

"ಅಜ್ಜಿ, ಇವೆಲ್ಲಾ ಸತ್ತಾವ. ಬದಲಿ ಕೊಡು," ಅಂದಳು.

ಸೊಸಿ ನಕ್ಕಳು. ಆಮ್ಯಾಲೆ ಕೈ ತೊಳಕೊಂಡು ಬಂದು ನನ್ನ ಕೈಯಾಗಿನ ಹಿಟ್ಟು ಇಸಕೊಂಡಳು. "ನೀವು ಕೂಡ್ರಿ ಅತ್ತಿ. ಉಳಿದದ್ದು ನಾ ತಟ್ಟತೀನಿ." ನಾನು ಮೊಮ್ಮಗಳ ಮಗ್ಗಲಿಗೆ ಕೂತು ಉಂಡೆ.