ಹುಣಸೆ ಬೀಜದ ಸೈನ್ಯ

ಮೊಮ್ಮಗ ಮೊಬೈಲಿನಲ್ಲಿ ಯುದ್ಧದ ಆಟ ಆಡುತ್ತಿದ್ದ. ಬೆರಳು ತಾಗಿಸಿದ್ದೇ ತಡ, ಸೈನ್ಯ ಬೆಟ್ಟ ದಾಟಿತು. ಫಿರಂಗಿ ಬಿಡುವಿಲ್ಲದೆ ಗುಂಡು ಹಾರಿಸಿತು. ಪಕ್ಕದಲ್ಲಿ ಕುಳಿತಿದ್ದ ನನಗೆ ಸೋದರಮಾವ ನೆನಪಾದರು.

ಚಿತ್ರದುರ್ಗದ ನಮ್ಮ ಪಡಸಾಲೆಯಲ್ಲಿ ನಾನೂ ಅಕ್ಕನೂ ಸೀಮೆಸುಣ್ಣದಿಂದ ಚೌಕಗಳನ್ನು ಗೀಚಿ, ಅವಕ್ಕೆ ಕೋಟೆಯ ದಾರಿಯ ಊರುಗಳ ಹೆಸರಿಟ್ಟು, ಹುಣಸೆ ಬೀಜಗಳನ್ನೇ ಸೈನಿಕರೆಂದುಕೊಂಡು ಕೋಟೆ ಆಟ ಆಡುತ್ತಿದ್ದೆವು. ಮಾವ ಮಿಲಿಟರಿಯಲ್ಲಿ ಫಿರಂಗಿ ದಳದಲ್ಲಿದ್ದವರು. ಯುದ್ಧ ಮುಗಿಸಿ ಬಂದಾಗ ಅವರಿಗೆ ಒಂದು ಕಿವಿ ಕೇಳುತ್ತಿರಲಿಲ್ಲ. ಮಾತೂ ಕಡಿಮೆ. ಆರಿದ ಬೀಡಿ ಬಾಯಲ್ಲೇ ಇರುತ್ತಿತ್ತು.

ಒಂದು ಮಧ್ಯಾಹ್ನ ನಾನು ಹಿರಿಯೂರಿನಿಂದ ಒಂದೇ ನೆಗೆತಕ್ಕೆ ಫಿರಂಗಿಯನ್ನು ಕೋಟೆ ಬಾಗಿಲಿಗೆ ತಂದೆ. ಮಾವ ಬಗ್ಗಿ ನೋಡಿದರು.

“ಫಿರಂಗಿ ಎಳಿಯೋ ಎತ್ತಿಗೆ ನೀರು ಎಲ್ಲಿ ಕುಡಿಸ್ದೆ? ಇವ್ರು ಉಂಡು ಎಷ್ಟು ದಿನ ಆತು?”

ಅಲ್ಲಿಂದ ಹೊಸ ನಿಯಮಗಳು ಶುರುವಾದವು. ದಿನಕ್ಕೆ ಒಂದೇ ಚೌಕ. ಗುಂಡು ಹಾರಿಸಿದ ಮೇಲೆ ಫಿರಂಗಿಯ ಕಾವು ಆರುವವರೆಗೂ ಕಾಯಬೇಕು. ನೀರಿಲ್ಲದ ಕಡೆ ತಂಗಿದರೆ ಒಂದು ಬೀಜ ಸತ್ತಂತೆ. ಎಷ್ಟು ಹೊತ್ತಾದರೂ ಸೈನ್ಯ ಐಮಂಗಲ ದಾಟಲಿಲ್ಲ.

“ಮಾವ, ಯುದ್ಧ ಯಾವಾಗ?” ಎಂದು ಅಕ್ಕ ರೇಗಿದಳು.

“ಇದೇ ಕಣವ್ವ ಯುದ್ಧ. ನಾವು ನಡದಿದ್ದೇ ಜಾಸ್ತಿ, ಕಾದಿದ್ದೇ ಜಾಸ್ತಿ.”

ಅಕ್ಕ ಎದ್ದು ಹೋದಳು. ನನಗೂ ಸಾಕಾಗಿತ್ತು. ಆದರೆ ಮಾವ ಒಬ್ಬರೇ ಬೀಜ ಸರಿಸುತ್ತಿದ್ದುದನ್ನು ಕಂಡು ದೀಪ ಹಚ್ಚುವವರೆಗೂ ಎದುರಿಗೇ ಕುಳಿತೆ. ಮರುದಿನ ಸತ್ತ ಬೀಜಗಳನ್ನು ವಾಪಸು ಕೇಳಿದರೆ ಮಾವ ಕೊಡಲಿಲ್ಲ.

“ಅವ್ರು ಬರಲ್ಲ ಬಿಡವ್ವ” ಎಂದು ಅಂಗಿಯ ಜೇಬಿಗೆ ಹಾಕಿಕೊಂಡರು.

ಮೊಮ್ಮಗ ಮೂರನೇ ಸಲ ಗೆದ್ದ. “ಅಜ್ಜಿ, ನೀನೂ ಆಡ್ತೀಯಾ?” ಎಂದ.

“ಬ್ಯಾಡ ಮಗ, ಸುಸ್ತಾಗೈತೆ” ಎಂದೆ.