ಅಕ್ಕಿ ಆರಿಸುವ ಬೆಳಕು

ಉದಗೀರ, ನಿಲಂಗಾ, ಉಮರ್ಗಾ ಕಡೆ ಲಗ್ನದ ಫೋಟೋ ಅಂದರೆ ಆಗ ವೀರಭದ್ರಪ್ಪನೇ. ನಿಜಾಮನ ಕಾಲ, ಸುತ್ತಮುತ್ತ ಕ್ಯಾಮೆರಾ ಇದ್ದವನು ಅವನೊಬ್ಬ. ಹೊಗಳಿಕೆಯೆಲ್ಲ ಅವನಿಗೆ, ಬುದ್ಧಿಯೆಲ್ಲ ಅವನ ಹೆಂಡತಿ, ನನ್ನ ಸೋದರತ್ತೆ ಸರುಬಾಯಿಯದು. ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಉದಗೀರದಲ್ಲಿ ನಮ್ಮ ಮಂದಿಯ ಲಗ್ನಗಳೆಲ್ಲ ಆಗುತ್ತಿದ್ದದ್ದು ಒಂದೇ ಮಠದ ಅಂಗಳದಲ್ಲಿ. ಎಲ್ಲ ಫೋಟೋದಲ್ಲೂ ಅದೇ ಕಂಬ, ಅದೇ ಕಟ್ಟೆ. ಒಮ್ಮೆ ಬಾಳಮ್ಮ ಎಂಬಾಕೆ ಮಗನ ಲಗ್ನದ ಫೋಟೋ ಹಿಡಿದುಕೊಂಡು ವೀರಭದ್ರಪ್ಪನ ಮನೆಗೇ ಬಂದಳು. "ಏನ್ರೀ ಇದು? ನೆರಮನಿಯವರ ಫೋಟೋದಾಗ ನಮ್ಮ ಹುಡುಗನ ತಲಿ ಅಂಟಿಸಿ ಕೊಟ್ಟೀರೇನು?" ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ವೀರಭದ್ರಪ್ಪ ತಲೆಯ ಮೇಲೆ ಕೈ ಹೊತ್ತು ಕೂತ.

"ಅಷ್ಟ್ಯಾಕ ಚಿಂತಿ ಮಾಡ್ತೀರಿ? ಹೆಣ್ಮಕ್ಕಳು ಅಕ್ಕಿ ಆರಸ್ಲಿಕ್ಕ ಎಲ್ಲಿ ಕೂಡ್ತಾರ ನೋಡ್ರಿ. ಹರಳು ಕಾಣೋವಷ್ಟು ಬೆಳಕ ಇದ್ದಲ್ಲೇ ಕೂಡ್ತಾರ. ಅಲ್ಲಿ ಮಾರಿನೂ ಛಲೋ ಕಾಣ್ತದ," ಅಂದಳು ಅತ್ತೆ.

ಅಂದಿನಿಂದ ಅತ್ತೆ ಮುಂಚೆ ಹೋಗಿ, ಆ ಹೆಂಗಸರ ಜೊತೆ ಮೊರ ಹಿಡಿದು ಕೂತು, ಬಿಸಿಲು ಸರಿದಂತೆ ತಾನೂ ಸರಿಯುತ್ತಾ ಜಾಗ ಹುಡುಕುವಳು. ಒಮ್ಮೆ ಬಾವಿಯ ಮೆಟ್ಟಿಲು, ಒಮ್ಮೆ ಹಿತ್ತಿಲ ಬಾಗಿಲು, ಒಮ್ಮೆ ಕೊಟ್ಟಿಗೆಯ ಗೋಡೆ. ಮಠ ಅದೇ, ಒಂದು ಫೋಟೋ ಮಾತ್ರ ಇನ್ನೊಂದರ ಹಾಗಿಲ್ಲ. ಕ್ಯಾಮೆರಾದ ರಬ್ಬರ್ ಗುಂಡು ಒತ್ತಿ ಫೋಟೋ ತೆಗೆಯುವುದನ್ನೂ ಕಲಿತಳು.

ಆಕೆಗೆ ಮಕ್ಕಳಾಗಲಿಲ್ಲ. ವೀರಭದ್ರಪ್ಪನ ಅವ್ವ ಇನ್ನೊಂದು ಹೆಣ್ಣು ತರಲು ಹಟ ಹಿಡಿದಾಗ, "ನಿನ್ನ ಮ್ಯಾಲ ಇನ್ನೊಬ್ಬಾಕಿನ್ನ ತರಾಂಗಿಲ್ಲ" ಎಂದು ಅವನು ಕೊರಳ ಲಿಂಗ ಮುಟ್ಟಿ ಆಣೆ ಮಾಡಿದ್ದ. ಅತ್ತೆ ಆ ಒಂದು ಮಾತಿನ ಮೇಲೆ ಬದುಕಿದ್ದಳು.

ಒಂದು ವೈಶಾಖದಲ್ಲಿ, "ಶಿರೂರ ಅನಂತಪಾಳ ಊರಿನವರ ಲಗ್ನ ಅದ. ನೀ ಮುಂದ ಹೋಗು. ಹಿಂದೆಂದೂ ತೆಗೀಲಾರದ ಜಾಗ ಬೇಕು," ಎಂದು ಮಠಕ್ಕೆ ಕಳಿಸಿದ. ಅತ್ತೆ ಹೋಗಿ ಶಿರೂರಿನ ಹೆಂಗಸರ ನಡುವೆ ಕೂತಳು. ಅವರಿಗೆ ಆಕೆಯ ಗುರುತಿಲ್ಲ. ಬೇವಿನ ಕಟ್ಟೆಯ ಹಿಂದೆ ಒಳ್ಳೆಯ ಬೆಳಕು ಕಂಡು ಹಿಗ್ಗಿದಳು.

"ಮದಿಮಗ ಯಾವೂರಾಂವ್ರೀ?" ಎಂದು ಅತ್ತೆ ಕೇಳಿದಳು.

"ಇದೇ ಊರಾಂವ. ಫೋಟೋ ತೆಗಿತಾನಲ್ಲ, ವೀರಭದ್ರಪ್ಪ. ಮೊದಲನೇದಾಕಿ ಬಂಜಿ ಅಂತ. ನಿನ್ನ ಗಂಡನ ಹೆಸರೇನವ್ವ?" ಅಂದಳು ಪಕ್ಕದಾಕೆ.

ಗಂಡನ ಹೆಸರು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ. "ಎದಿ ಒಡದು ಹೋಯ್ತವ್ವ, ಅಳೂನೂ ಬರಲಿಲ್ಲ," ಎಂದು ಆಮೇಲೆ ನನ್ನ ಮುಂದೆ ಅಂದಿದ್ದಳು. ಮೊರದಲ್ಲಿದ್ದ ಅಕ್ಕಿ ಆರಿಸಿ ಮುಗಿಸಿ ಎದ್ದಳು.

ಬಾಸಿಂಗ ಕಟ್ಟಿಕೊಂಡು ಬಂದವನಿಗೆ ನಾಚಿಕೆಯಾದರೂ ಆಗಬೇಡವೇ! "ಅವ್ವ ಕೇಳ್ಲಿಲ್ಲ, ಸರು. ನೀನೇ ಮುಂದ ನಿಂತ್ರ ಮಂದಿ ಬಾಯಿ ಮುಚ್ತದ. ಮತ್ತ, ಗುಂಡ ಒತ್ತಲಿಕ್ಕ ನಿನ್ನ ಬಿಟ್ಟು ಯಾರಿಗಿ ಬರ್ತದ?" ಅಂದ. ಅವನ ಬಾಯಿಗೆ ಮಣ್ಣು ಬೀಳಲಿ! ನಂಬಿದಾಕೆಯ ಕೊರಳು ಕೊಯ್ದು, ಫೋಟೋ ತೆಗೆಯುವ ಕೆಲಸವನ್ನೂ ಆಕೆಗೇ ಕೊಟ್ಟ.

ಅತ್ತೆ ಮದುಮಗಳ ಕೈಹಿಡಿದು ತಂದು ಬೇವಿನ ಕಟ್ಟೆಯ ಹಿಂದೆ ಕೂರಿಸಿದಳು, ಸೆರಗು ಸರಿಮಾಡಿದಳು. ಎಳೆಯ ಹುಡುಗಿ, ಹಿಡಿದ ಕೈ ಬಿಡಲೊಲ್ಲದು. ಅವನು ಪಕ್ಕದಲ್ಲಿ ಮೀಸೆ ತಿರುವುತ್ತಾ ನಿಂತ, ಅವನ ನೆರಳು ಹುಡುಗಿಯ ಮುಖದ ಮೇಲೆ ಬಿತ್ತು. ಅತ್ತೆ ಕ್ಯಾಮೆರಾದ ಕರಿಬಟ್ಟೆಯಿಂದ ತಲೆ ಹೊರಗೆ ತೆಗೆದು, ಇಡೀ ಅಂಗಳಕ್ಕೆ ಕೇಳುವಂತೆ, ಜನ್ಮದಲ್ಲೇ ಮೊದಲ ಸಲ, ಹೆಸರು ಹಿಡಿದು ಕೂಗಿದಳು:

"ಏ ವೀರಭದ್ರ! ಸರಿ ಆ ಕಡಿ. ಪೋರಿ ಮಾರಿ ಮ್ಯಾಲ ಬೆಳಕ ಬೀಳ್ಲಿ."