ಅರವತ್ತು ದಿನದ ಬೆಳ್ಳಿಪಟ್ಟಿ

ನಾಲ್ಕಕ್ಕೆ ನಲ್ಲಿಯಲ್ಲಿ ನೀರು ಬಂದರೆ ಐದಕ್ಕೆ ನಿಂತುಹೋಗುತ್ತದೆ. ಅಷ್ಟರಲ್ಲಿ ವಾಸಂತಿ ಎರಡು ಡ್ರಮ್ಮು, ಏಳು ಬಕೆಟ್ಟು ತುಂಬಿಸಿಕೊಳ್ಳಬೇಕು. ನಡುವೆ ಗೀಸರ್ ಹಾಕಬೇಕು, ಗಂಡ ಗೋಪಿನಾಥನ ಡಬ್ಬಿಗೆ ಹುಳಿಯ ಬೇಳೆ ಕುಕ್ಕರಿಗೇರಿಸಬೇಕು, ಮಗಳು ತನ್ವಿಯ ಯೂನಿಫಾರ್ಮ್ ಇಸ್ತ್ರಿ ಮಾಡಬೇಕು, ಮಂಜಿನಲ್ಲಿ ದಾರಿ ತಡಕುತ್ತ ಬೂತಿನಿಂದ ಹಾಲು ತರಬೇಕು. ಆಮೇಲೆ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಅತ್ತೆ ಶಾರದಮ್ಮನ ಕಾಲಿನ ಪಟ್ಟಿ ಬಿಚ್ಚಲು ಕೂರಬೇಕು. ವಸಂತ್ ಕುಂಜ್‌ನ ಮೂರನೇ ಮಹಡಿಯ ಆ ಫ್ಲ್ಯಾಟಿನಲ್ಲಿ ಬೆಳಗಾಗುತ್ತಿದ್ದುದು ಇಷ್ಟೆಲ್ಲ ಮುಗಿದ ಮೇಲೆ.

ಆ ವರ್ಷ, ಅಂದರೆ ಎರಡು ಸಾವಿರದ ಐದರಲ್ಲಿ, ದೀಪಾವಳಿಯ ಸ್ನಾನಕ್ಕೆ ಕಾಯಿಸಿದ್ದ ನೀರು ಮಗುಚಿ ಶಾರದಮ್ಮನ ಬಲಪಾದ ಸುಟ್ಟಿತ್ತು. ಸಕ್ಕರೆ ಕಾಯಿಲೆಯ ಮೈ, ಗಾಯ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಬೆಳ್ಳಿ ಲೇಪಿಸಿದ ಬಟ್ಟೆಯ ಪಟ್ಟಿ ಕೊಟ್ಟರು. ಕೇಂದ್ರ ಸರ್ಕಾರದ ಸಚಿವಾಲಯದಲ್ಲಿ ಗುಮಾಸ್ತನಾಗಿದ್ದ ಗೋಪಿನಾಥ ಅಮ್ಮನ ಜೊತೆ ಹೋಗಿ, ಡಾಕ್ಟರ ಮಾತೆಲ್ಲ ತಾನೇ ಕೇಳಿಸಿಕೊಂಡು ಬಂದಿದ್ದ. ಆಮೇಲೆ ಮೂರು ಮಹಡಿ ಇಳಿಸುವುದು ಯಾರೆಂದು ಅವಳನ್ನು ಕರೆದೊಯ್ಯಲೇ ಇಲ್ಲ. ವಾರಕ್ಕೊಂದು ಪಟ್ಟಿ ಮಾತ್ರ ತಂದುಕೊಡುತ್ತಿದ್ದ.

ಬೆಳ್ಳಿ ಎಂದು ಕಿವಿಗೆ ಬಿದ್ದದ್ದೇ ಶಾರದಮ್ಮ ಮನೆಯ ಕಾನೂನು ಮಾಡಿಬಿಟ್ಟಳು. ಬೆಳ್ಳಿ ಕಪ್ಪಾಗುತ್ತದೆ, ಕಪ್ಪಾದದ್ದನ್ನು ತೊಳೆಯಬೇಕು. ನಿನ್ನೆಯ ಮೈಲಿಗೆ ಬಟ್ಟೆ ಸುತ್ತಿಕೊಂಡು ತಾನು ದೇವರ ಮುಂದೆ ಕೂರುವವಳಲ್ಲ. ಹೀಗೆ ಪ್ರತಿದಿನ ವಾಸಂತಿ ಪಟ್ಟಿ ಬಿಚ್ಚಿ, ಉಪ್ಪು ಹಾಕಿ ಕುದಿಸಿದ ನೀರಿನಲ್ಲಿ ಅದನ್ನೂ ಗಾಯವನ್ನೂ ತೊಳೆದು, ಪಟ್ಟಿಯನ್ನು ಇಸ್ತ್ರಿಯಲ್ಲಿ ಒಣಗಿಸಿ ಮತ್ತೆ ಕಟ್ಟುತ್ತಿದ್ದಳು. ಚರ್ಮಕ್ಕೆ ಹತ್ತಿದ ಕಪ್ಪನ್ನೂ ಬಿಡದೆ ಉಜ್ಜುತ್ತಿದ್ದಳು. ಆದರೂ ಗಾಯ ಹಾಗೇ ಇತ್ತು. "ನಿನ್ನ ಕೈಗುಣವೇ ಅಷ್ಟು. ನನ್ನ ಮಗಳು ರತ್ನಾ ಮಾಡಿದ್ದರೆ ಇಷ್ಟು ಹೊತ್ತಿಗೆ ಓಡಾಡ್ತಿದ್ದೆ" ಎನ್ನುತ್ತಿದ್ದಳು ಅತ್ತೆ.

ಜನವರಿಯಲ್ಲಿ ಆ ಪಾದದ ಎರಡು ಬೆರಳು ನೀಲಿಗಟ್ಟಿದವು. ಗೋಪಿನಾಥನಿಗೆ ಆಫೀಸಿನಲ್ಲಿ ಮೀಟಿಂಗು. ವಾಚ್‌ಮನ್ ಭಯ್ಯಾನನ್ನು ಕರೆದು, ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಿಕೊಂಡು, ವಾಸಂತಿಯೇ ಆಟೋ ಹತ್ತಿಸಿದಳು.

ಡಾಕ್ಟರ್ ಲಾವಣ್ಯಾ ದಾವಣಗೆರೆಯ ಕಡೆಯವಳು. ಕನ್ನಡ ಕೇಳಿ ವಾಸಂತಿಗೆ ಧೈರ್ಯ ಬಂತು. ಪಟ್ಟಿ ಯಾವಾಗ ಕಟ್ಟಿದ್ದೆಂದು ಡಾಕ್ಟರ್ ಕೇಳಿದಾಗ, ಇವತ್ತು ಬೆಳಗ್ಗೆ, ಒಂದು ದಿನವೂ ತಪ್ಪಿಸಿಲ್ಲ ಎಂದು ಹೆಮ್ಮೆಯಿಂದಲೇ ಹೇಳಿ, ತೊಳೆಯುವ ಕ್ರಮವನ್ನೂ ವಿವರಿಸಿದಳು.

ಪಟ್ಟಿ ಬಿಚ್ಚುತ್ತಿದ್ದ ಲಾವಣ್ಯಾಳ ಕೈ ಅಲ್ಲೇ ನಿಂತಿತು. ಬೆಳ್ಳಿ ವಾರವಿಡೀ ಒಂದಿಷ್ಟೊಂದಿಷ್ಟೇ ಗಾಯಕ್ಕಿಳಿದು ರೋಗಾಣುಗಳನ್ನು ಕೊಲ್ಲುತ್ತದೆ, ಉಪ್ಪುನೀರು ಅದರ ಶಕ್ತಿಯನ್ನೇ ಕುಗ್ಗಿಸುತ್ತದೆ, ಆ ಕಪ್ಪು ಕೊಳೆಯಲ್ಲ ಎಂದು ಮೆಲ್ಲಗೆ ಹೇಳಿದಳು. ಆಮೇಲೆ ಇನ್ನೂ ಮೆಲ್ಲಗೆ ಅಂದಳು: "ಬಿಚ್ಚಿದಾಗಲೆಲ್ಲ ಹೊಸ ಚರ್ಮ ಕಿತ್ತು ಬಂದಿದೆ, ಅಕ್ಕಾ."

ಅರವತ್ತು ದಿನ. ವಾಸಂತಿ ತನ್ನ ಬೆರಳುಗಳನ್ನು ನೋಡಿಕೊಂಡಳು. ಸಾಬೂನಿಗೆ, ತಣ್ಣೀರಿಗೆ ಸೀಳಿಹೋದ ಬೆರಳುಗಳು. ಅವು ದಿನವೂ ಕತ್ತಲಲ್ಲಿ ಎದ್ದು, ಶ್ರದ್ಧೆಯಿಂದ, ಬರುತ್ತಿದ್ದ ಚರ್ಮವನ್ನು ಸುಲಿದಿದ್ದವು.

"ಏಳು ದಿನ ಮುಟ್ಟಬಾರದು ಅಂತ ನಿಮ್ಮ ಯಜಮಾನರಿಗೆ ಎರಡು ಸಲ ಹೇಳಿದ್ದೆನಲ್ಲ" ಎಂದಳು ಡಾಕ್ಟರ್.

ವಾಸಂತಿ ಹೊರಗೆ ಬಂದು ಗಂಡನ ಮೊಬೈಲಿಗೆ ಫೋನ್ ಮಾಡಿದಳು. ಅವನು ಮರೆತಿರಬಹುದು, ಡಾಕ್ಟರು ಹೇಳಿದ್ದು ಸರಿಯಾಗಿ ತಿಳಿಯದೆ ಹೋಗಿರಬಹುದು. ಹಾಗೆಂದು ಅವನ ಬಾಯಿಂದ ಬರಲಿ ಎಂದು ಕಾದಳು.

"ಗೊತ್ತಿತ್ತು ಕಣೇ. ಅಮ್ಮ ಕೇಳ್ಬೇಕಲ್ಲ? ದಿನಾ ತೊಳೆದ್ರೆ ಅವಳಿಗೊಂದು ಸಮಾಧಾನ. ನೀನು ಹೇಗೂ ನಾಲ್ಕಕ್ಕೆ ಏಳ್ತೀಯಲ್ಲ."

ಅವನ ದನಿಯಲ್ಲಿ ತಪ್ಪು ಮಾಡಿದ ಅಳುಕೂ ಇರಲಿಲ್ಲ. ಅಮ್ಮನನ್ನು ಮನೆಗೆ ಕರೆದುಕೊಂಡು ಹೋಗು, ಮುಂದಿನದು ಸಂಜೆ ನೋಡೋಣ ಎಂದು ಫೋನಿಟ್ಟ. ಹದಿನೆಂಟು ವರ್ಷ ತಾನು ನಾಲ್ಕಕ್ಕೆ ಏಳುವುದನ್ನು ಅವನು ನೋಡೇ ಇಲ್ಲ ಎಂದು ವಾಸಂತಿ ಅಂದುಕೊಂಡಿದ್ದಳು. ನೋಡಿದ್ದ.

ಒಳಗೆ ಡಾಕ್ಟರ್ ದಾಖಲಾತಿಯ ಕಾಗದ ಹಿಡಿದಿದ್ದಳು. ಹತ್ತು ದಿನ ಇಲ್ಲೇ ಇದ್ದರೆ ಬೆರಳು ಉಳಿಯಬಹುದು. ಮನೆಯಲ್ಲಿ ಮತ್ತೆ ಯಾರಾದರೂ ಬಿಚ್ಚಿದರೆ ಕತ್ತರಿಸುವುದೊಂದೇ ದಾರಿ. ಮನೆಯವರೊಬ್ಬರು ಸಹಿ ಹಾಕಬೇಕು.

"ಇಲ್ಲಿಯ ಅನ್ನ ನಾನು ತಿನ್ನಲ್ಲ. ಗೋಪಿ ಬಂದು ಹೇಳಲಿ. ನೀನು ಯಾರೇ ಸಹಿ ಹಾಕೋಕೆ?" ಎಂದಳು ಶಾರದಮ್ಮ. ಆದರೆ ಅವಳ ಕಣ್ಣು ನೀಲಿಗಟ್ಟಿದ ಬೆರಳುಗಳ ಮೇಲೇ ಇತ್ತು. ನಿಮಗೆ ಬೆರಳು ಬೇಕೋ ಬೇಡವೋ ಎಂದು ಡಾಕ್ಟರ್ ನೇರವಾಗಿ ಕೇಳಿದಾಗ, "ಬೇಕಮ್ಮಾ" ಎಂದು ಗೋಡೆಗೆ ಮುಖ ತಿರುಗಿಸಿದಳು.

ಸಂಜೆಗೆ ಮನೆಯಲ್ಲಿ ಏನು ನಡೆಯುತ್ತದೆಂದು ವಾಸಂತಿಗೆ ಗೊತ್ತಿತ್ತು: ಅಮ್ಮ ಹಟ ಹಿಡಿಯುತ್ತಾಳೆ, ಮಗ ಒಪ್ಪುತ್ತಾನೆ, ನಾಳೆ ಬೆಳಗ್ಗೆ ತಾನು ಮತ್ತೆ ಪಟ್ಟಿ ಬಿಚ್ಚಬೇಕು. ನರ್ಸು, ಬೇಕಿದ್ದರೆ ಯಜಮಾನರನ್ನು ಇನ್ನೊಮ್ಮೆ ಕೇಳಿ ಎಂದಳು. ಬೇಡ ಎಂದ ವಾಸಂತಿ ಪೆನ್ನು ತೆಗೆದುಕೊಂಡು, ಸಂಬಂಧ ಎಂದಿದ್ದಲ್ಲಿ ಸೊಸೆ ಎಂದು ಬರೆದು, ಕೆಳಗೆ ಸಹಿ ಹಾಕಿದಳು.